ದಿನಕ್ಕೊಂದು ಫೋಟೋ: ಒಂದು ಚೀಟಿ ಡಬ್ಬ ಮತ್ತು ಅದರ ಸುತ್ತ ಕಟ್ಟಿದ್ದು

‘ದಿನಕ್ಕೊಂದು ಫೋಟೋ’ ಚಾಲೆಂಜಿಗೆ ಪಟ್ಟಿ ಹುಡುಕಿದರೆ ರಾಶಿ ಸಿಗುತ್ತವೆ. ಇವತ್ತು ಕೆಂಪು, ನಾಳೆ ನೆರಳು, ನಾಡಿದ್ದು ಸಂತೋಷ. ಮೊದಮೊದಲು ಮಜವಾಗಿರುತ್ತದೆ. ಆಮೇಲೆ ಮಲಗುವ ಹೊತ್ತಿಗೆ ನೆನಪಾಗಿ, ಕೈಗೆ ಸಿಕ್ಕಿದ ಕೆಂಪು ವಸ್ತುವಿನ ಮುಂದೆ ಫೋನ್ ಹಿಡಿದು ಒಂದು ಸಲ ಒತ್ತಿ, ‘ಸದ್ಯ ಮುಗೀತು’ ಅನ್ನುವ ಸ್ಥಿತಿ ಬರುತ್ತದೆ. ಫೋಟೋ ಲೆಕ್ಕಕ್ಕೆ ಸಿಗುತ್ತದೆ, ನೋಡುವುದಕ್ಕೆ ಅದರಲ್ಲಿ ಏನೂ ಇರುವುದಿಲ್ಲ.

ಪಟ್ಟಿ ‘ಏನು’ ಅಂತ ಮಾತ್ರ ಹೇಳುತ್ತದೆ. ‘ಹೇಗೆ’ ಅನ್ನುವುದನ್ನು ನಮಗೇ ಬಿಟ್ಟುಬಿಡುತ್ತದೆ. ನಾವು ನಿನ್ನೆ ತೆಗೆದ ಹಾಗೆಯೇ ಇವತ್ತೂ ತೆಗೆಯುತ್ತೇವೆ. ‘ಏನು’ ಅನ್ನುವುದು ಸುಲಭದ ಭಾಗ; ಯಾವ ಕೋಣೆಯಲ್ಲಿ ನಿಂತರೂ ಕೈಗೆಟುಕುವಷ್ಟು ದೂರದಲ್ಲಿ ನೂರು ವಸ್ತು ಇರುತ್ತವೆ. ‘ಹೇಗೆ’ ಅನ್ನುವಲ್ಲಿ ಕೈ ಕಟ್ಟಿಹಾಕಿದರೆ ತಲೆ ಓಡಲು ಶುರುವಾಗುತ್ತದೆ. ಅದಕ್ಕೇ ಈ ಸಲ ಪಟ್ಟಿ ಪಕ್ಕಕ್ಕಿಟ್ಟು, ಸಾಮಾನು ಕಟ್ಟಲು ಕೂತೆ.

ಸಾಮಾನು ಅಂದರೆ ದೊಡ್ಡದೇನಲ್ಲ. ಒಂದು ಚೀಟಿ ಡಬ್ಬ, ಒಂದು ಬೆಳಕಿನ ಪೆಟ್ಟಿಗೆ, ಕ್ಯಾಮೆರಾದ ಬಾಡಿ ಕ್ಯಾಪಿಗೆ (ಲೆನ್ಸ್ ಬಿಚ್ಚಿದಾಗ ಅದರ ಜಾಗಕ್ಕೆ ಹಾಕುವ ಮುಚ್ಚಳ) ಲೆನ್ಸಿನ ಬದಲು ಒಂದು ಸೂಜಿ ರಂಧ್ರ, ಕೊನೆಗೆ ಗೋಡೆಗೆ ಅಂಟಿಸುವ ಒಂದು ಹಾಳೆ. ಎಲ್ಲ ರಟ್ಟು, ಕಾಗದ, ಅಂಟು, ಕತ್ತರಿಯ ಕೆಲಸ. ಫೋನ್ ಮಾತ್ರ ಇದ್ದವರು ಸೂಜಿ ರಂಧ್ರ ಬಿಟ್ಟು ಮಿಕ್ಕಿದ್ದೆಲ್ಲ ಮಾಡಬಹುದು.

ಚೀಟಿ ಡಬ್ಬ

ಮುಚ್ಚಳ ಇರುವ ಗಟ್ಟಿ ರಟ್ಟಿನ ಡಬ್ಬ ತೆಗೆದುಕೊಂಡೆ. ನಡುವೆ ಅಡ್ಡಗೋಡೆ ಅಂಟಿಸಿ ಎರಡು ಖಾನೆ ಮಾಡಿದೆ. ಒಂದರಲ್ಲಿ ಬಿಳಿ ಚೀಟಿ, ಇನ್ನೊಂದರಲ್ಲಿ ಹಳದಿ. ಬಿಳಿಯದು ‘ಏನು’, ಹಳದಿಯದು ‘ಹೇಗೆ’. ದಿನಾ ಬೆಳಿಗ್ಗೆ ಎರಡರಿಂದಲೂ ಒಂದೊಂದು ಎತ್ತುವುದು. ಬೆಳಿಗ್ಗೆಯೇ ಎತ್ತಬೇಕು, ಯಾಕೆಂದರೆ ಅದು ದಿನವಿಡೀ ತಲೆಯ ಮೂಲೆಯಲ್ಲಿ ಕೂತಿರಬೇಕು. ಫೋಟೋ ತೆಗೆಯುವ ಐದು ನಿಮಿಷಕ್ಕಿಂತ ಆ ಕೂತಿರುವ ಹೊತ್ತೇ ಜಾಸ್ತಿ ಕೆಲಸ ಮಾಡುತ್ತದೆ.

ಚೀಟಿಗೆ ತೆಳು ಕಾಗದ ಬೇಡ. ಮಡಚಿದ ತೆಳು ಚೀಟಿಗೆ ನಾಲ್ಕು ದಿನದಲ್ಲಿ ಗುರುತು ಬೀಳುತ್ತದೆ. ಯಾವುದು ಕಷ್ಟದ್ದು ಅಂತ ಬೆರಳಿಗೇ ಗೊತ್ತಾಗಿಬಿಡುತ್ತದೆ. 250 ಜಿಎಸ್‌ಎಂ ದಪ್ಪದ ಕಾಗದವನ್ನು 9 × 5 ಸೆಂ.ಮೀ. ಅಳತೆಗೆ ಕತ್ತರಿಸಿ, ಬರೆದ ಮುಖ ಕೆಳಗೆ ಮಾಡಿ ಜೋಡಿಸಿದೆ. ಒಂದು ಎ4 ಹಾಳೆಯಲ್ಲಿ ಇಂಥವು ಹನ್ನೆರಡು ಬರುತ್ತವೆ.

ಬಿಳಿ ಚೀಟಿ ಬರೆಯುವಾಗ ಮೊದಲು ಹೊರಗೆ ಹಾಕಿದ್ದು ದೊಡ್ಡ ದೊಡ್ಡ ಮಾತುಗಳನ್ನು. ಸಂತೋಷ, ಸ್ವಾತಂತ್ರ್ಯ, ಒಂಟಿತನ, ಭರವಸೆ. ಇವು ಬಂದ ದಿನ ಎದುರಿಗಿರುವುದು ಕಾಣುವುದಿಲ್ಲ, ಹಿಂದೆ ಎಲ್ಲೋ ನೋಡಿದ ಚಿತ್ರಗಳೇ ನೆನಪಾಗುತ್ತವೆ. ಸ್ವಾತಂತ್ರ್ಯ ಅಂದರೆ ಹಾರುವ ಹಕ್ಕಿ, ಒಂಟಿತನ ಅಂದರೆ ಖಾಲಿ ಬೆಂಚು. ಅವುಗಳ ಜಾಗಕ್ಕೆ ಕ್ರಿಯೆಗಳನ್ನು ಹಾಕಿದೆ: ಒರಗುವುದು, ಜಾರುವುದು, ತೂಗುವುದು, ಸೋರುವುದು, ಮಡಚುವುದು, ಸಿಕ್ಕಿಕೊಳ್ಳುವುದು, ಸವೆಯುವುದು. ‘ಒರಗುವುದು’ ಬಂದ ದಿನ ಗೋಡೆಗೆ ಆನಿಸಿಟ್ಟ ಪೊರಕೆ, ಕಪಾಟಿನಲ್ಲಿ ವಾಲಿದ ಪುಸ್ತಕ, ಕಂಬಕ್ಕೆ ಬೆನ್ನು ಕೊಟ್ಟು ನಿಂತ ಮನುಷ್ಯ ಎಲ್ಲ ಒಂದೇ ಸಾಲಿಗೆ ಬಂದು ನಿಲ್ಲುತ್ತಾರೆ. ‘ಸವೆಯುವುದು’ ಇನ್ನೂ ಚೆನ್ನ. ಕೀಬೋರ್ಡಿನಲ್ಲಿ ಯಾವ ಅಕ್ಷರ ಅಳಿಸಿದೆ, ಚಪ್ಪಲಿಯ ಹಿಮ್ಮಡಿ ಯಾವ ಕಡೆ ತೆಳುವಾಗಿದೆ, ಮೆಟ್ಟಿಲಿನ ಯಾವ ಭಾಗಕ್ಕೆ ಹೊಳಪು ಬಂದಿದೆ ಅಂತ ಹುಡುಕುತ್ತಾ ಹೋದರೆ ಒಂದು ಚೀಟಿಯಲ್ಲಿ ಒಂದು ವಾರ ಕಳೆಯಬಹುದು.

ಮಿಕ್ಕ ಬಿಳಿ ಚೀಟಿಗಳಲ್ಲಿ ಬರೀ ಸಾದಾ ವಸ್ತುಗಳು. ಚಮಚ, ಬೀಗದ ಕೈ, ಗಾಜಿನ ಲೋಟ, ದಾರ, ಕಾಗದ, ಚಿಲಕ, ಕೈ.

ಹಳದಿ ಚೀಟಿಯೇ ಇದರ ಯಂತ್ರ. ಇಲ್ಲಿ ಸಲಹೆ ಬರೆದರೆ ಪ್ರಯೋಜನವಿಲ್ಲ. ಆಜ್ಞೆ ಬರೆಯಬೇಕು, ಅದೂ ಪಾಲಿಸಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡಲು ಬರುವಂಥದ್ದು. ‘ಬೇರೆ ಕೋನದಿಂದ ತೆಗೆ’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ‘ಕ್ಯಾಮೆರಾ ಮೊಣಕಾಲಿಗಿಂತ ಮೇಲೆ ಬರಕೂಡದು’ ಅಂದರೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ನನ್ನ ಡಬ್ಬದಲ್ಲಿರುವ ಕೆಲವನ್ನು ಹೇಳುತ್ತೇನೆ: ನೆರಳು ಮಾತ್ರ ಕಾಣಬೇಕು, ವಸ್ತು ಕಾಣಬಾರದು. ವಸ್ತು ಫ್ರೇಮಿನ ಎರಡು ಅಂಚನ್ನಾದರೂ ಮುಟ್ಟಬೇಕು. ಫ್ರೇಮಿನ ಅರ್ಧ ಖಾಲಿ ಇರಬೇಕು. ಶಟರ್ ಕಾಲು ಸೆಕೆಂಡ್ ತೆರೆದಿರಬೇಕು. ಬೆನ್ನ ಕಡೆಯಿಂದ ಮಾತ್ರ. ಪ್ರತಿಬಿಂಬದಲ್ಲಿ ಮಾತ್ರ. ಎಲ್ಲ ಒಂದೇ ಬಣ್ಣ.

ಎರಡು ಚೀಟಿ ಡಿಕ್ಕಿ ಹೊಡೆಯುವಾಗ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಬಿಳಿಯದರಲ್ಲಿ ‘ಬೀಗದ ಕೈ’, ಹಳದಿಯದರಲ್ಲಿ ‘ನೆರಳು ಮಾತ್ರ’ ಬಂತು. ಬರೀ ಬೀಗದ ಕೈ ಅಂತಿದ್ದರೆ ಮೇಜಿನ ಮೇಲಿಟ್ಟು ಮೇಲಿನಿಂದ ತೆಗೆದು ಮುಗಿಸುತ್ತಿದ್ದೆ. ಈಗ ಬೆಳಕಿನ ಜೊತೆ ಜಗಳ ಶುರುವಾಯಿತು. ಟ್ಯೂಬ್‌ಲೈಟಿನ ಕೆಳಗೆ ನೆರಳು ಮಬ್ಬಾಗಿ ಹರಡಿಕೊಳ್ಳುತ್ತದೆ, ಏಕೆಂದರೆ ಬೆಳಕಿನ ಮೂಲ ಉದ್ದ. ಫೋನಿನ ಟಾರ್ಚ್ ಚಿಕ್ಕದು, ಅದರ ನೆರಳಿಗೆ ಅಂಚು ಚೂಪು. ಟಾರ್ಚನ್ನು ಬೀಗದ ಕೈಗೆ ಹತ್ತಿರ ತಂದಷ್ಟೂ ಗೋಡೆಯ ಮೇಲಿನ ನೆರಳು ದೊಡ್ಡದಾಗುತ್ತದೆ. ಟಾರ್ಚನ್ನು ಸ್ವಲ್ಪ ಓರೆ ಹಿಡಿದರೆ ಹಲ್ಲುಗಳ ಕಡೆ ಮಾತ್ರ ಹಿಗ್ಗುತ್ತದೆ. ಕೊನೆಗೆ ಬಂದ ಫೋಟೋದಲ್ಲಿ ಗೋಡೆಯ ಉದ್ದಕ್ಕೂ ಮೊನಚು ಮೊನಚಾದ ಕಪ್ಪು ಗೆರೆ. ಬೀಗದ ಕೈ ಅಂತ ನೋಡಿದವರಿಗೆ ತಕ್ಷಣ ಹೊಳೆಯುವುದಿಲ್ಲ, ಆದರೆ ಕಣ್ಣು ಅಲ್ಲೇ ನಿಲ್ಲುತ್ತದೆ.

‘ದಾರ’ ಮತ್ತು ‘ಕಾಲು ಸೆಕೆಂಡ್’ ಒಟ್ಟಿಗೆ ಬಂದ ದಿನವೂ ಹಾಗೇ. ಕಪ್ಪು ಬಟ್ಟೆಯ ಮುಂದೆ ಬಿಳಿ ದಾರ ಬೀಸಿದರೆ ಕಾಲು ಸೆಕೆಂಡಿನಲ್ಲಿ ಅದು ತೆಳು ಪರದೆಯಾಗುತ್ತದೆ. ಎರಡು ತುದಿಯಲ್ಲಿ ದಾರ ತಿರುಗುವ ಮೊದಲು ಒಂದು ಕ್ಷಣ ನಿಲ್ಲುತ್ತದೆ ನೋಡಿ, ಅಲ್ಲಿ ಮಾತ್ರ ಪರದೆಗೆ ಗಟ್ಟಿ ಅಂಚು ಬರುತ್ತದೆ. ಫೋನಿನಲ್ಲಾದರೆ ಪ್ರೊ ಮೋಡ್ ಅಥವಾ ಶಟರ್ ಹಿಡಿತ ಕೊಡುವ ಯಾವುದಾದರೂ ಆ್ಯಪ್ ಬೇಕು.

ಪೋಲರೈಸರ್ ಫಿಲ್ಟರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಒಳಗೆ ಬಿಡುವ ಗಾಜು) ಇದ್ದವರಿಗೆ ಒಂದು ವಿಶೇಷ ಚೀಟಿ. ಎಲ್‌ಸಿಡಿ ಪರದೆಯಲ್ಲಿ ಪೂರ್ತಿ ಬಿಳಿ ಪುಟ ತೆರೆದು, ಅದರ ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ಹಿಡಿದು, ಫಿಲ್ಟರ್ ತಿರುಗಿಸುತ್ತಾ ನೋಡಿ. ಪರದೆ ಕಪ್ಪಾಗುತ್ತದೆ, ಸ್ಕೇಲಿನೊಳಗೆ ಕಾಮನಬಿಲ್ಲಿನ ಬಣ್ಣದ ಪಟ್ಟೆಗಳು ಏಳುತ್ತವೆ. ಎಲ್‌ಸಿಡಿಯಿಂದ ಬರುವ ಬೆಳಕು ಮೊದಲೇ ಒಂದು ದಿಕ್ಕಿಗೆ ಧ್ರುವೀಕರಣಗೊಂಡಿರುತ್ತದೆ. ಅಚ್ಚಿನಲ್ಲಿ ಎರಕ ಹೊಯ್ಯುವಾಗ ಪ್ಲಾಸ್ಟಿಕ್ಕಿನೊಳಗೆ ಉಳಿದುಕೊಂಡ ಒತ್ತಡ ಅದನ್ನು ತಿರುಚುತ್ತದೆ. ಪಟ್ಟೆ ದಟ್ಟವಾಗಿರುವಲ್ಲಿ ಒತ್ತಡ ಬೇಗ ಬೇಗ ಬದಲಾಗುತ್ತದೆ ಅಂತ ಅರ್ಥ. ಈ ಚೀಟಿಯ ಗುಣ ಒಂದು ಸಲಕ್ಕೆ ಸರಿ. ಎರಡನೇ ಸಲ ಬಂದರೆ ಬರೀ ಚಮತ್ಕಾರ.

ಎಲ್ಲಕ್ಕಿಂತ ಕಠಿಣವಾದ ಹಳದಿ ಚೀಟಿ ‘ಒಂದೇ ಫ್ರೇಮ್’. ದಿನಕ್ಕೆ ಒಂದೇ ಸಲ ಶಟರ್ ಒತ್ತುವುದು. ಇದಕ್ಕೆ ದಾರಿ ತೋರಿಸಿದವರು ಅಮೆರಿಕದ ಛಾಯಾಗ್ರಾಹಕ ಜಿಮ್ ಬ್ರಾಂಡನ್‌ಬರ್ಗ್. 1994ರ ಶರತ್ಕಾಲದ ವಿಷುವದಿಂದ ಚಳಿಗಾಲದ ಅಯನ ಸಂಕ್ರಾಂತಿಯವರೆಗೆ, 90 ದಿನ, ಮಿನೆಸೋಟದ ಉತ್ತರದ ಕಾಡಿನಲ್ಲಿ ಅವರು ದಿನಕ್ಕೆ ಒಂದೇ ಫ್ರೇಮ್ ತೆಗೆದರು. ಫಿಲ್ಮ್ ಕಾಲ ಅದು, ತೆಗೆದದ್ದು ಹೇಗಿದೆ ಅಂತ ಅಲ್ಲೇ ನೋಡುವ ಹಾಗೂ ಇರಲಿಲ್ಲ. ಆ ಚಿತ್ರಗಳನ್ನು 1997ರಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ಪ್ರಕಟಿಸಿತು. 90 ದಿನ ಪೂರ್ತಿ ಹಾಗೆ ಮಾಡುವ ಎದೆಗಾರಿಕೆ ನನಗಿಲ್ಲ. ಚೀಟಿಯಾಗಿ ಆಗಾಗ ಬಂದರೆ ಸಾಕು. ಬಂದ ದಿನ ಮಾತ್ರ ಕ್ಯಾಮೆರಾ ಎತ್ತಿ, ನೋಡಿ, ‘ಇನ್ನೂ ಇಲ್ಲ’ ಅಂತ ಕೆಳಗಿಡುವುದೇ ದಿನದ ಮುಖ್ಯ ಕೆಲಸ.

ಡಬ್ಬದ ನಿಯಮಗಳು ಚಿಕ್ಕವು. ಎತ್ತಿದ ಚೀಟಿ ಖಾನೆ ಖಾಲಿಯಾಗುವವರೆಗೆ ವಾಪಸ್ ಹೋಗುವುದಿಲ್ಲ. ವಾರಕ್ಕೆ ಒಂದು ಸಲ ಹಳದಿ ಚೀಟಿ ಬದಲಿಸಬಹುದು, ಬಿಳಿ ಬದಲಿಸುವಂತಿಲ್ಲ. ಬಿಳಿ 30, ಹಳದಿ 20 ಇಟ್ಟರೆ 600 ಜೋಡಿ ಆಗುತ್ತವೆ. ಅಷ್ಟು ಬೇಕೇ ಬೇಕು ಅಂತಿಲ್ಲ. ಹತ್ತು ಹತ್ತು ಬರೆದರೂ 100 ಜೋಡಿ.

ಬೆಳಕಿನ ಪೆಟ್ಟಿಗೆ

ದಿನಾ ಫೋಟೋ ಅಂದಮೇಲೆ ಮೋಡ ಕವಿದ ದಿನವೂ ಬರುತ್ತದೆ, ಕೆಲಸ ಮುಗಿಯುವಷ್ಟರಲ್ಲಿ ಕತ್ತಲಾದ ದಿನವೂ ಬರುತ್ತದೆ. ಸರಣಿ ಕಡಿದುಹೋಗುವುದು ಅಂಥ ದಿನಗಳಲ್ಲೇ. ಬೆಳಕು ಇಲ್ಲ ಅನ್ನುವ ನೆಪಕ್ಕೆ ಒಂದು ರಟ್ಟಿನ ಪೆಟ್ಟಿಗೆ ಉತ್ತರ.

ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1930ರಲ್ಲಿ ತೆಗೆದ ದೊಣ್ಣೆ ಮೆಣಸಿನಕಾಯಿಯ ಫೋಟೋ ನೋಡಿರಬಹುದು. ಬಗ್ಗಿದ ಬೆನ್ನಿನ ಹಾಗೆ ಕಾಣುವ, ‘ಪೆಪ್ಪರ್ ನಂ. 30’ ಅಂತ ಕರೆಯುವ ಚಿತ್ರ. ಅದನ್ನು ಅವರು ತಗಡಿನ ಆಲಿಕೆಯೊಳಗೆ ಇಟ್ಟು ತೆಗೆದದ್ದು. ಆಲಿಕೆಯ ಒಳಗೋಡೆ ಬೆಳಕನ್ನು ಸುತ್ತಲೂ ತಿರುಗಿಸಿ ಕೊಡುತ್ತದೆ. ಉಪಕರಣ ಅಂದರೆ ಅಷ್ಟೇ. ನನ್ನ ಪೆಟ್ಟಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ಉಪಯೋಗಕ್ಕೆ ಬರಲಿ ಅಂತ ಹೀಗೆ ಮಾಡಿದೆ.

ಸುಮಾರು 40 ಸೆಂ.ಮೀ. ಅಗಲ, 30 ಎತ್ತರ, 30 ಆಳದ ರಟ್ಟಿನ ಪೆಟ್ಟಿಗೆ. ಮುಂಭಾಗ ಪೂರ್ತಿ ತೆರೆದಿದೆ. ಎಡಗಡೆಯ ಗೋಡೆಯಲ್ಲಿ, ಅಂಚಿನಿಂದ 4 ಸೆಂ.ಮೀ. ಬಿಟ್ಟು, ಒಂದು ಕಿಟಕಿ ಕೊರೆದು ಅದಕ್ಕೆ ಟ್ರೇಸಿಂಗ್ ಪೇಪರ್ ಅಂಟಿಸಿದೆ. ಒಳಗೆಲ್ಲ ಮಿರುಗದ ಕಪ್ಪು ಕಾಗದ. ಮಿರುಗುವ ಕಪ್ಪು ಕಾಗದ ಹಾಕಿದರೆ ಕಪ್ಪು ಹಾಕಿದ್ದೇ ದಂಡ, ಅದು ಕನ್ನಡಿಯ ಕೆಲಸ ಮಾಡುತ್ತದೆ. ಬಲಗಡೆ ಮತ್ತು ಹಿಂದುಗಡೆ ತಲಾ ಎರಡು ರಟ್ಟಿನ ಪಟ್ಟಿ ಅಂಟಿಸಿ ಸೀಳು ಮಾಡಿದೆ. ಬಿಳಿ ಕಾರ್ಡ್, ಕಪ್ಪು ಕಾರ್ಡ್, ಫಾಯಿಲ್ ಅಂಟಿಸಿದ ಕಾರ್ಡ್, ಚಿಕ್ಕ ಕನ್ನಡಿ, ಯಾವುದು ಬೇಕೋ ಅದು ಸೀಳಿನಲ್ಲಿ ಜಾರಿ ಕೂರುತ್ತದೆ. ಅಂಟು ಒಣಗುವವರೆಗೆ ಬಟ್ಟೆ ಕ್ಲಿಪ್ ಹಾಕಿ ಬಿಡಬೇಕು, ಇಲ್ಲವಾದರೆ ಸೀಳು ಅಗಲವಾಗಿ ಕಾರ್ಡ್ ವಾಲುತ್ತದೆ.

ಹಗಲಿನಲ್ಲಿ ಪೆಟ್ಟಿಗೆಯ ಎಡಗಡೆಯನ್ನು ಕೋಣೆಯ ಕಿಟಕಿಗೆ ಒತ್ತಿ ಇಡುತ್ತೇನೆ. ರಾತ್ರಿಯಾದರೆ ಟ್ರೇಸಿಂಗ್ ಪೇಪರಿನ ಹೊರಗೆ ಒಂದು ಮೇಜಿನ ದೀಪ. ದೀಪ ಹತ್ತಿಸಿದಾಗ ಕೋಣೆಯ ಮಿಕ್ಕ ಬೆಳಕೆಲ್ಲ ಆರಿಸಬೇಕು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆದರೆ ಕಿಟಕಿಯ ಹಗಲು ಬೆಳಕು 5500 ಅಥವಾ ಅದಕ್ಕಿಂತ ಮೇಲೆ, ಹಳದಿ ಛಾಯೆಯ ಬಲ್ಬು 2700–3000. ಎರಡೂ ಸೇರಿದರೆ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಿಕೆ) ಎತ್ತ ತಿರುಗಿಸಿದರೂ ಒಂದು ಬದಿ ಕೆಡುತ್ತದೆ. (‘ಎರಡು ಬಣ್ಣದ ಬೆಳಕು’ ಅಂತ ಒಂದು ಹಳದಿ ಚೀಟಿ ಇದೆ, ಆ ದಿನ ಮಾತ್ರ ಬೇಕಂತಲೇ ಸೇರಿಸುತ್ತೇನೆ.) ಎಲ್‌ಇಡಿ ದೀಪದಲ್ಲಿ ಫೋಟೋಕ್ಕೆ ಅಡ್ಡಪಟ್ಟೆ ಬರುತ್ತಿದ್ದರೆ ಅದು ದೀಪದ ಮಿನುಗು. 50 ಹರ್ಟ್ಜ್ ವಿದ್ಯುತ್ತಿನಲ್ಲಿ ಅಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರನ್ನು 1/100 ಅಥವಾ 1/50ಕ್ಕೆ ಇಟ್ಟರೆ ಪಟ್ಟೆ ಸಾಮಾನ್ಯವಾಗಿ ಮಾಯ.

ಈ ಪೆಟ್ಟಿಗೆಯಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಗಾಜಿನ ಲೋಟದ ಜೊತೆ. ಗಾಜಿಗೆ ಬೆಳಕು ಬಿಟ್ಟರೆ ಗಾಜು ಕಾಣುವುದಿಲ್ಲ, ಆ ಬೆಳಕಿನ ಮೂಲ ಅದರಲ್ಲಿ ಕಾಣುತ್ತದೆ. ಹಾಗಾಗಿ ಲೋಟವನ್ನು ಬಿಟ್ಟು ಅದರ ಹಿಂದೆ ಏನಿದೆ ಅನ್ನುವುದನ್ನು ಸರಿ ಮಾಡಬೇಕು. ಮೊದಲ ವಿಧಾನ: ಹಿಂದಿನ ಸೀಳಿನಲ್ಲಿ ಬಿಳಿ ಕಾರ್ಡ್ ಹಾಕಿ, ಅದಕ್ಕೆ ಮಾತ್ರ ಬೆಳಕು ಬೀಳುವಂತೆ ಮಾಡಿ, ಲೋಟದ ಎರಡೂ ಪಕ್ಕ ಫ್ರೇಮಿನ ಸ್ವಲ್ಪ ಹೊರಗೆ ಕಪ್ಪು ಕಾರ್ಡ್ ನಿಲ್ಲಿಸುವುದು. ಲೋಟದ ನಡುಭಾಗ ಬಿಳಿಯಾಗಿ, ಎರಡು ಅಂಚು ಮಾತ್ರ ಕಪ್ಪು ಗೆರೆಯಾಗಿ ಕಾಣುತ್ತವೆ. ಅಂಚಿನಲ್ಲಿ ಗಾಜು ಬೆಳಕನ್ನು ಬಗ್ಗಿಸುತ್ತದೆ, ಅಲ್ಲಿ ನಮಗೆ ಕಾಣುವುದು ಹಿಂದಿರುವ ಬಿಳಿಯಲ್ಲ, ಪಕ್ಕದಲ್ಲಿರುವ ಕಪ್ಪು. ಎರಡನೇ ವಿಧಾನ ಇದರ ತಿರುಗುಮುರುಗು. ಬಿಳಿ ಹಿನ್ನೆಲೆಯ ನಡುವೆ, ಫ್ರೇಮ್ ಮುಚ್ಚುವಷ್ಟು ಮಾತ್ರ ದೊಡ್ಡದಾದ ಕಪ್ಪು ಕಾರ್ಡ್ ಅಂಟಿಸುವುದು. ಈಗ ಲೋಟದ ಹಿಂದೆ ಪೂರ್ತಿ ಕಪ್ಪು, ಅಂಚು ಮಾತ್ರ ಹೊರಗಿನ ಬಿಳಿಯನ್ನು ಹೆಕ್ಕಿ ತಂದು ಹೊಳೆಯುತ್ತದೆ. ಕಪ್ಪು ಕಾರ್ಡನ್ನು ಒಂದು ಸೆಂ.ಮೀ. ಕಿರಿದು ಮಾಡಿದರೆ ಹೊಳೆಯುವ ಗೆರೆ ದಪ್ಪವಾಗುತ್ತದೆ, ಹಿರಿದು ಮಾಡಿದರೆ ಕೂದಲೆಳೆಯಷ್ಟಾಗುತ್ತದೆ. ಕಾರ್ಡನ್ನು ಕತ್ತರಿಯಿಂದ ಚೂರು ಚೂರೇ ಕತ್ತರಿಸುತ್ತಾ ಗೆರೆಯ ದಪ್ಪ ಬದಲಾಗುವುದನ್ನು ನೋಡಿ. ಬೆಳಕನ್ನು ಕತ್ತರಿಯಿಂದ ತಿದ್ದಬಹುದು ಅಂತ ನನಗೆ ಮನವರಿಕೆ ಆದದ್ದು ಅಲ್ಲೇ.

ಗಾಜು ಒರೆಸಿ ಒರೆಸಿ ಸಾಕಾಗುತ್ತದೆ, ಅದೊಂದು ಎಚ್ಚರಿಕೆ. ಎರಡನೇ ವಿಧಾನದಲ್ಲಿ ಪ್ರತಿ ಧೂಳಿನ ಕಣವೂ ನಕ್ಷತ್ರವಾಗಿ ಹೊಳೆಯುತ್ತದೆ. ಕೆಲವು ಸಲ ಒರೆಸದೆ ಹಾಗೇ ಬಿಟ್ಟ ಬೆರಳ ಗುರುತೇ ಒಳ್ಳೆಯ ಫೋಟೋ.

ಚಮಚದ ಸಮಸ್ಯೆ ಬೇರೆ. ಅದರ ಹೊಟ್ಟೆಯಲ್ಲಿ ಕ್ಯಾಮೆರಾ, ಕೈ, ಮುಖ ಎಲ್ಲ ಕಾಣುತ್ತವೆ. ಪೆಟ್ಟಿಗೆಯ ತೆರೆದ ಮುಂಭಾಗಕ್ಕೆ ಕಪ್ಪು ರಟ್ಟು ಮುಚ್ಚಿ, ನಡುವೆ ಲೆನ್ಸ್ ತೂರುವಷ್ಟು ತೂತು ಮಾಡಿದರೆ ಉಳಿಯುವುದು ಒಂದು ಚಿಕ್ಕ ಕಪ್ಪು ಚುಕ್ಕೆ. ಅಥವಾ, ಹಳದಿ ಚೀಟಿ ‘ಪ್ರತಿಬಿಂಬದಲ್ಲಿ ಮಾತ್ರ’ ಅಂದಿದ್ದರೆ, ಏನನ್ನೂ ಮುಚ್ಚಬೇಡಿ.

ಎಕ್ಸ್‌ಪೋಶರ್ ಬಗ್ಗೆ ಒಂದು ಮಾತು. ಕ್ಯಾಮೆರಾದ ಮೀಟರ್ ಏನು ಕಂಡರೂ ಅದನ್ನು ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಅದಕ್ಕೇ ಬಿಳಿ ಹಿನ್ನೆಲೆ ಕೊಳಕಾಗಿ ಬರುತ್ತದೆ, ಕಪ್ಪು ಹಿನ್ನೆಲೆ ತೊಳೆದ ಹಾಗೆ ಬರುತ್ತದೆ. ಬಿಳಿಗೆ ಒಂದರಿಂದ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು) ಏರಿಸಿ, ಕಪ್ಪಿಗೆ ಅಷ್ಟೇ ಇಳಿಸಿ. ಫೋನಿನಲ್ಲಿ ಪರದೆಯನ್ನು ಒತ್ತಿ ಹಿಡಿದರೆ ಫೋಕಸ್ ಮತ್ತು ಎಕ್ಸ್‌ಪೋಶರ್ ಲಾಕ್ ಆಗುತ್ತದೆ, ಆಮೇಲೆ ಬೆರಳು ಮೇಲೆ ಕೆಳಗೆ ಜಾರಿಸಬಹುದು. ಏರಿಸುವುದಕ್ಕಿಂತ ಇಳಿಸಿದಾಗಲೇ ಚೆನ್ನಾಗಿರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಫೋನುಗಳಿಗೆ ನೆರಳು ಕಂಡರೆ ಆಗುವುದಿಲ್ಲ, ಸುಮ್ನೆ ಎಲ್ಲ ಎತ್ತಿ ತೋರಿಸುತ್ತವೆ.

ಕಿಟಕಿಯ ಪಕ್ಕ ಕೂತು ಇಷ್ಟೆಲ್ಲ ಮಾಡುವುದು ಚಿಕ್ಕ ಪ್ರಪಂಚ ಅನ್ನಿಸಿದರೆ ಚೆಕ್ ಛಾಯಾಗ್ರಾಹಕ ಜೋಸೆಫ್ ಸುಡೆಕ್ ಅವರನ್ನು ನೆನಪಿಸಿಕೊಳ್ಳಬಹುದು. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರು. 1940ರಿಂದ ವರ್ಷಗಟ್ಟಲೆ ಪ್ರಾಗ್‌ನ ತಮ್ಮ ಸ್ಟುಡಿಯೋದ ಒಂದೇ ಕಿಟಕಿಯನ್ನು ತೆಗೆದರು. ಮಂಜು ಹಿಡಿದ ಗಾಜು, ಹನಿ, ಹೊರಗೆ ಒಂದು ಸೊಟ್ಟ ಮರ. ಅದೇ ಕಿಟಕಿ, ಬೇರೆ ಬೇರೆ ಚಿತ್ರ.

ಸೂಜಿ ರಂಧ್ರ

ಲೆನ್ಸ್ ಬಿಚ್ಚಲು ಬರುವ ಕ್ಯಾಮೆರಾ ಇದ್ದರೆ ಇದನ್ನು ಮಾಡಲೇಬೇಕು. ಫೋಕಸ್ ಇಲ್ಲ, ಜೂಮ್ ಇಲ್ಲ, ಅಪರ್ಚರ್ (ಬೆಳಕು ಒಳಗೆ ಬರುವ ಬಾಯಿಯ ಅಗಲ) ಆಯ್ಕೆ ಇಲ್ಲ. ಹಳದಿ ಚೀಟಿಯನ್ನೇ ಕ್ಯಾಮೆರಾಕ್ಕೆ ತಿರುಪಿ ಕೂರಿಸಿದ ಹಾಗೆ.

ಹೆಚ್ಚುವರಿ ಬಾಡಿ ಕ್ಯಾಪಿನ ನಡುಮಧ್ಯಕ್ಕೆ 6 ಮಿ.ಮೀ. ಡ್ರಿಲ್ ಬಿಟ್‌ನಿಂದ ತೂತು ಕೊರೆದೆ. ಕ್ಯಾಪ್ ಕ್ಯಾಮೆರಾದ ಮೇಲಿರುವಾಗ ಕೊರೆಯುವ ಯೋಚನೆಯೂ ಬೇಡ. ಅಂಚಿನ ಪ್ಲಾಸ್ಟಿಕ್ ಚೂರುಗಳನ್ನು ಉಜ್ಜಿ, ಕ್ಯಾಪನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿದೆ, ಒಂದು ಚೂರು ಉಳಿದರೂ ಅದು ಸೆನ್ಸರ್ ಮೇಲೆ ಹೋಗಿ ಕೂರುತ್ತದೆ. ರಂಧ್ರಕ್ಕೆ ಪಾನೀಯದ ಅಲ್ಯೂಮಿನಿಯಂ ಡಬ್ಬಿಯಿಂದ ಕತ್ತರಿಸಿದ 2 ಸೆಂ.ಮೀ. ಚೌಕದ ತಗಡು.

ರಂಧ್ರ ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೆ ಲೆಕ್ಕ ಇದೆ. ರಂಧ್ರದಿಂದ ಸೆನ್ಸರಿಗಿರುವ ದೂರವನ್ನು ಬೆಳಕಿನ ತರಂಗಾಂತರದಿಂದ ಗುಣಿಸಿ, ವರ್ಗಮೂಲ ತೆಗೆದು, 1.9ರಿಂದ ಗುಣಿಸುವುದು. ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಆ ದೂರ ಹತ್ತಿರ ಹತ್ತಿರ 46 ಮಿ.ಮೀ. ಹಸಿರು ಬೆಳಕಿನ ತರಂಗಾಂತರ 0.00055 ಮಿ.ಮೀ. ಉತ್ತರ ಸುಮಾರು 0.3 ಮಿ.ಮೀ. ಅದಕ್ಕಿಂತ ದೊಡ್ಡದಾದರೆ ಚಿತ್ರ ಮಬ್ಬು. ಚಿಕ್ಕದಾದರೂ ಮಬ್ಬೇ, ಅಂಚಿನಲ್ಲಿ ಬೆಳಕು ಬಾಗಿ ಹರಡಿಕೊಳ್ಳುತ್ತದೆ. ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾದಲ್ಲಿ ದೂರ ಕಡಿಮೆ, ರಂಧ್ರವೂ ಇನ್ನೂ ಚಿಕ್ಕದಿರಬೇಕು.

ತಗಡನ್ನು ದಪ್ಪ ರಟ್ಟಿನ ಮೇಲಿಟ್ಟು ತೆಳು ಹೊಲಿಗೆ ಸೂಜಿಯ ಮೊನೆ ಒತ್ತಿದೆ. ತೂರಿಸಬಾರದು, ಹಿಂದುಗಡೆ ಸಣ್ಣ ಉಬ್ಬು ಏಳುವಷ್ಟು ಮಾತ್ರ. ಆ ಉಬ್ಬನ್ನು 1000 ಗ್ರಿಟ್ ಮರಳು ಕಾಗದದಿಂದ ಉಜ್ಜಿದರೆ ತಗಡು ತೆಳುವಾಗುತ್ತಾ ರಂಧ್ರ ತಾನಾಗಿ ತೆರೆದುಕೊಳ್ಳುತ್ತದೆ. ಆಮೇಲೆ ಸೂಜಿಯನ್ನು ಬೆರಳಲ್ಲಿ ತಿರುಗಿಸುತ್ತಾ ಮೆಲ್ಲಗೆ ದುಂಡಗೆ ಮಾಡುವುದು, ಮತ್ತೆ ಉಜ್ಜುವುದು. ಅಳತೆ ನೋಡಲು ಸ್ಕ್ಯಾನರ್ ಸಾಕು. 2400 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಪಿಕ್ಸೆಲ್ ಅಂದರೆ 0.0106 ಮಿ.ಮೀ. ರಂಧ್ರದ ಅಡ್ಡಳತೆ 28 ಪಿಕ್ಸೆಲ್ ಬಂದರೆ 0.3 ಮಿ.ಮೀ. ಆಯಿತು. ದುಂಡಗಿದೆಯೋ, ಅಂಚಿಗೆ ಮುಳ್ಳು ಉಳಿದಿದೆಯೋ ಅನ್ನುವುದೂ ಪರದೆಯಲ್ಲೇ ಕಾಣುತ್ತದೆ. ಮುಳ್ಳಿದ್ದರೆ ಆ ತಗಡು ಬಿಟ್ಟು ಇನ್ನೊಂದು ಮಾಡುವುದೇ ಸುಲಭ. ತಗಡಿನ ಒಳಮುಖಕ್ಕೆ ಕಪ್ಪು ಮಾರ್ಕರ್ ಬಳಿದು, ಕ್ಯಾಪಿನ ಹಿಂದೆ ಕಪ್ಪು ಟೇಪಿನಿಂದ ಅಂಟಿಸಿದೆ.

46ನ್ನು 0.3ರಿಂದ ಭಾಗಿಸಿದರೆ ಇದರ ಅಪರ್ಚರ್ ಎಫ್/150ರ ಆಸುಪಾಸು. ಚುರುಕು ಬಿಸಿಲಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 100, ಎಫ್/16ಕ್ಕೆ 1/100 ಸೆಕೆಂಡ್ ಸಾಕು ಅನ್ನುವ ಹಳೆಯ ಲೆಕ್ಕದಿಂದ ಹೋದರೆ ಇಲ್ಲಿ ಹೆಚ್ಚುಕಡಿಮೆ ಒಂದು ಸೆಕೆಂಡ್. ನೆರಳಿನಲ್ಲಿ ಹತ್ತಿಪ್ಪತ್ತು ಸೆಕೆಂಡ್, ಕೋಣೆಯೊಳಗೆ ನಿಮಿಷಗಳು. ಟ್ರೈಪಾಡ್ ಇಲ್ಲದಿದ್ದರೆ ಬಟ್ಟೆ ಚೀಲದಲ್ಲಿ ಮರಳು ತುಂಬಿ ಅದರ ಮೇಲೆ ಕ್ಯಾಮೆರಾ ಕೂರಿಸಿ, ಎರಡು ಸೆಕೆಂಡ್ ಟೈಮರ್ ಹಾಕಿ. ವ್ಯೂಫೈಂಡರಿನಲ್ಲಿ ಕತ್ತಲು ಬಿಟ್ಟರೆ ಏನೂ ಕಾಣುವುದಿಲ್ಲ, ಊಹೆಯ ಮೇಲೆ ತಿರುಗಿಸುವುದು. ಸೆನ್ಸರ್ ಮೇಲೆ ಧೂಳಿದ್ದರೆ ಇದರಲ್ಲಿ ನಿಚ್ಚಳವಾಗಿ ಕಪ್ಪು ಚುಕ್ಕೆಯಾಗಿ ಬೀಳುತ್ತದೆ. ಬೇರೆ ಯಾವ ಲೆನ್ಸೂ ಇಷ್ಟು ನಿಷ್ಠುರವಾಗಿ ಹೇಳುವುದಿಲ್ಲ.

ಚಿತ್ರ ಮೃದುವಾಗಿರುತ್ತದೆ. ಮೂಗಿನ ಮುಂದಿನ ಹುಲ್ಲಿಗೂ ದೂರದ ಬೆಟ್ಟಕ್ಕೂ ಒಂದೇ ಮೃದುತನ. ಹಾಗಾಗಿ ವಿವರ ನಂಬಿಕೊಂಡ ಫೋಟೋ ಇದರಲ್ಲಿ ಸೋಲುತ್ತದೆ, ಆಕಾರ ನಂಬಿಕೊಂಡದ್ದು ಗೆಲ್ಲುತ್ತದೆ. ‘ಸೂಜಿ ರಂಧ್ರ’ ಚೀಟಿ ಬಂದು ಹೋದ ಮರುದಿನ, ಲೆನ್ಸ್ ಹಾಕಿಕೊಂಡಾಗಲೂ ಕಣ್ಣು ಆಕಾರವನ್ನೇ ಹುಡುಕುತ್ತಿರುತ್ತದೆ.

ವಾರದ ಹಾಳೆ

ಫೋನಿನ ಗ್ಯಾಲರಿಯಲ್ಲಿ ಒಂದೊಂದೇ ಫೋಟೋ ಸರಿಸಿ ನೋಡಿದರೆ ಪ್ರತಿಯೊಂದೂ ಚೆನ್ನಾಗಿಯೇ ಕಾಣುತ್ತದೆ. ಪಕ್ಕಪಕ್ಕ ಇಟ್ಟಾಗ ಬಣ್ಣ ಬಯಲಾಗುತ್ತದೆ. ಅದಕ್ಕೆ ಒಂದು ಎ4 ಹಾಳೆ. ಪ್ರತಿ ಚಿತ್ರ 57 × 38 ಮಿ.ಮೀ., ಅಂದರೆ 3:2 ಅನುಪಾತ. ಮೇಲಿಂದ ಕೆಳಗೆ ಏಳು, ಅಡ್ಡಕ್ಕೆ ಮೂರು. ಸಾಲುಗಳ ನಡುವೆ 2 ಮಿ.ಮೀ., ಕಂಬಗಳ ನಡುವೆ 6. ಒಂದು ಕಂಬ ಒಂದು ವಾರ, ಒಂದು ಹಾಳೆ ಮೂರು ವಾರ. ಯಾವುದೇ ಡಾಕ್ಯುಮೆಂಟಿನಲ್ಲಿ ಟೇಬಲ್ ಹಾಕಿ ಮಾಡಬಹುದು. ಇಷ್ಟು ಚಿಕ್ಕ ಮುದ್ರಣಕ್ಕೆ ಉದ್ದಕ್ಕೆ 700 ಪಿಕ್ಸೆಲ್ ಇದ್ದರೆ ಧಾರಾಳ. ಫೈಲಿಗೆ ವರ್ಷ, ತಿಂಗಳು, ದಿನ, ಆಮೇಲೆ ಎರಡು ಚೀಟಿಯ ಪದ, ಈ ಕ್ರಮದಲ್ಲಿ ಹೆಸರಿಟ್ಟರೆ ತಾನಾಗಿ ಸಾಲಾಗಿ ನಿಲ್ಲುತ್ತವೆ.

ಹಾಳೆಯನ್ನು ಮೊದಲು ತಲೆಕೆಳಗು ಮಾಡಿ ನೋಡುತ್ತೇನೆ. ವಸ್ತು ಏನು ಅನ್ನುವುದು ಮರೆತುಹೋಗಿ ಗಾಢ, ತಿಳಿ, ಭಾರ ಎತ್ತ ವಾಲಿದೆ ಅನ್ನುವುದು ಮಾತ್ರ ಉಳಿಯುತ್ತದೆ. ಮೊದಲ ಹಾಳೆಯಲ್ಲೇ ಎದ್ದು ಕಂಡದ್ದು: ವಸ್ತು ಹೆಚ್ಚು ಸಲ ಎಡಗಡೆ ಮೂರನೇ ಒಂದು ಭಾಗದಲ್ಲಿ ಕೂತಿತ್ತು. ಬೆಳಕು ಯಾವಾಗಲೂ ಎಡಗಡೆಯಿಂದ ಬರುತ್ತಿತ್ತು, ಪೆಟ್ಟಿಗೆಯ ಕಿಟಕಿ ಎಡಗಡೆ ಇದೆಯಲ್ಲ. ಮತ್ತೆ ಜನ ಇಲ್ಲವೇ ಇಲ್ಲ. ಕೈ ಬಂದಿತ್ತು, ಬೆನ್ನು ಬಂದಿತ್ತು, ಮುಖ ಒಂದೂ ಇಲ್ಲ.

ಡಬ್ಬ ಕೆಲಸಕ್ಕೆ ಬರುವುದು ಇಲ್ಲಿಂದ. ಮುಂದಿನ ಸುತ್ತಿನ ಹಳದಿ ಚೀಟಿಗಳನ್ನು ಹಾಳೆ ನೋಡಿ ಬರೆದೆ. ‘ಎಡ ಅರ್ಧ ಖಾಲಿ’. ‘ಪೆಟ್ಟಿಗೆ ಬಲಕ್ಕೆ ತಿರುಗಿಸು’. ‘ಕೇಳಿ ತೆಗೆದ ಮುಖ’. ಕೊನೆಯದಕ್ಕೆ ‘ಕೇಳಿ’ ಅನ್ನುವುದು ಬೇಕೇ ಬೇಕು. ಅಪರಿಚಿತರನ್ನು ಕದ್ದು ತೆಗೆಯುವುದು ನನಗೆ ಒಗ್ಗುವುದಿಲ್ಲ, ಕೇಳಿದಾಗ ಬರುವ ಆ ಒಂದು ಕ್ಷಣದ ಮುಜುಗರವೂ ಮುಖದಲ್ಲಿ ಉಳಿಯುವುದು ಚೆಂದ. ಬೇರೆಯವರ ಹಳದಿ ಚೀಟಿ ತಂದು ಹಾಕಿಕೊಂಡರೆ ಅಷ್ಟು ಫಲ ಇಲ್ಲ. ಅವರು ಅವರ ಅಭ್ಯಾಸಕ್ಕೆ ಅಡ್ಡಗಾಲು ಹಾಕಿಕೊಂಡಿರುತ್ತಾರೆ, ನಮ್ಮದು ಹಾಗೇ ನಡೆದುಕೊಂಡು ಹೋಗುತ್ತದೆ.

ಹಾಳೆಯಿಂದ ಬಿಳಿ ಚೀಟಿಯೂ ಹುಟ್ಟುತ್ತದೆ. ಬೇರೆ ಬೇರೆ ದಿನ, ಬೇರೆ ಬೇರೆ ಚೀಟಿಗೆ ತೆಗೆದ ಫೋಟೋಗಳ ಅಂಚಿನಲ್ಲಿ ಬಾಗಿಲ ಸಂದಿಯ ಬೆಳಕು ಮತ್ತೆ ಮತ್ತೆ ಇಣುಕಿತ್ತು. ತೆಗೆಯುವಾಗ ಅದರ ಮೇಲೆ ಗಮನವೇ ಇರಲಿಲ್ಲ. ಅದನ್ನೇ ಒಂದು ಚೀಟಿ ಮಾಡಿದೆ, ‘ಸಂದಿ’. ಈಗ ಅದು ಚೀಟಿ ಮೀರಿ ಬೇರೆಯೇ ಸರಣಿಯಾಗುವ ಲಕ್ಷಣ ಕಾಣುತ್ತಿದೆ. ನ್ಯೂಯಾರ್ಕ್‌ನ ಜೇಮಿ ಲಿವಿಂಗ್‌ಸ್ಟನ್ 1979ರ ಮಾರ್ಚ್ 31ರಿಂದ 1997ರ ಅಕ್ಟೋಬರ್ 25ರಂದು ತೀರಿಕೊಳ್ಳುವವರೆಗೆ ದಿನಕ್ಕೊಂದು ಪೋಲರಾಯ್ಡ್ ತೆಗೆದವರು. ಆರು ಸಾವಿರಕ್ಕೂ ಜಾಸ್ತಿ ಚಿತ್ರ. ಒಂದೊಂದಾಗಿ ನೋಡಿದರೆ ಅವುಗಳಲ್ಲಿ ಎಷ್ಟೋ ಸಾಮಾನ್ಯ. ಸಾಲಾಗಿ ಇಟ್ಟಾಗ ಒಂದು ಜೀವನ ಕಾಣುತ್ತದೆ. ನನ್ನ ಹಾಳೆಗೆ ಅಷ್ಟು ಆಸೆಯಿಲ್ಲ, ಆದರೆ ಸಾಲಾಗಿ ಇಡುವ ಬುದ್ಧಿ ಅಲ್ಲಿಂದ ಕಲಿಯಬಹುದು.

ಬಾಕಿ ಇರುವ ರಿಪೇರಿ

ದೀಪದ ಬಿಸಿಗೆ ಟ್ರೇಸಿಂಗ್ ಪೇಪರ್ ಅಲೆ ಅಲೆಯಾಗಿ ಸೊಟ್ಟಗಾಗಿದೆ, ಆ ಅಲೆ ಚಮಚದ ಪ್ರತಿಬಿಂಬದಲ್ಲಿ ಕಾಣುತ್ತದೆ. ಅದರ ಬದಲು ಹಾಲು ಬಣ್ಣದ ಪ್ಲಾಸ್ಟಿಕ್ ಹಾಳೆ ಹಾಕಬೇಕು. ಅಂಟಿಸುವ ಬದಲು ಅದಕ್ಕೂ ಸೀಳು ಮಾಡಿದರೆ ಬಣ್ಣದ ಹಾಳೆ ಬದಲಿಸಲೂ ಬರುತ್ತದೆ. ಬಲಗಡೆಯ ಗೋಡೆಯಲ್ಲೂ ಒಂದು ಕಿಟಕಿ ಕೊರೆದು ಮುಚ್ಚಳ ಇಡುತ್ತೇನೆ, ಪೆಟ್ಟಿಗೆ ತಿರುಗಿಸುವ ತಾಪತ್ರಯ ತಪ್ಪುತ್ತದೆ. ಸೂಜಿ ರಂಧ್ರದ ತಗಡನ್ನು ಬಿಚ್ಚಿ ಹಾಕುವಂತೆ ಮಾಡಿ, ಪಕ್ಕಪಕ್ಕ ಎರಡು ರಂಧ್ರ ಇರುವ ಇನ್ನೊಂದು ತಗಡು ತಯಾರಾಗಬೇಕು. ಒಂದೇ ದೃಶ್ಯ ಎರಡು ಸಲ, ಒಂದರ ಮೇಲೊಂದು ಸ್ವಲ್ಪ ಸರಿದು ಬೀಳುತ್ತದೆ. ಎರಡು ರಂಧ್ರದ ನಡುವೆ ಎಷ್ಟು ದೂರ ಬಿಟ್ಟರೆ ಚೆನ್ನ ಅಂತ ನೋಡಲು 2, 3 ಮತ್ತು 4 ಮಿ.ಮೀ.ಗೆ ಮೂರು ತಗಡು ಕತ್ತರಿಸಿಟ್ಟಿದ್ದೇನೆ.